ಸೋಲಾಂಗ್‌ನ 8 ನಿಮಿಷ, ಬಿಲ್ಲಿಂಗ್‌ನ 22 ನಿಮಿಷ

ಪೈಲಟ್ ಜೊತೆ ಹಾರುವ ಟ್ಯಾಂಡಮ್ ಪ್ಯಾರಾಗ್ಲೈಡಿಂಗನ್ನು ನಾನು ಹಿಮಾಚಲದಲ್ಲಿ ಎರಡು ಕಡೆ ಮಾಡಿದ್ದೇನೆ: ಮೇ ತಿಂಗಳಲ್ಲಿ ಮನಾಲಿ ಬಳಿಯ ಸೋಲಾಂಗ್ ಕಣಿವೆಯಲ್ಲಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಂಗ್ಡಾ ಜಿಲ್ಲೆಯ ಬೀರ್-ಬಿಲ್ಲಿಂಗ್‌ನಲ್ಲಿ. ಮೊದಲ ಕಡೆ ಕೈ ಸುಟ್ಟುಕೊಂಡಿದ್ದರಿಂದಲೇ ಎರಡನೆಯ ಕಡೆಗೆ ಹೋದವನಾದ್ದರಿಂದ, ನನ್ನ ಒಲವು ಬಿಲ್ಲಿಂಗ್‌ನತ್ತ ಎಂದು ಮೊದಲೇ ಹೇಳಿಬಿಡುತ್ತೇನೆ.

ಸೋಲಾಂಗ್‌ನಲ್ಲಿ ನನ್ನನ್ನು ಕೆರಳಿಸಿದ್ದು ‘ಅರ್ಧ ಗಂಟೆ ಹಾರಾಟ’ ಎಂಬ ಏಜೆಂಟನ ಮಾತು. ಅಲ್ಲಿ ತಗ್ಗಿನ ಇಳಿಜಾರಿನಿಂದ ಹಾರಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುವುದು ಒಂದು ಬಗೆ, ರೋಪ್‌ವೇಯಲ್ಲಿ ಮೇಲೇರಿ ಹಾರುವುದು ಇನ್ನೊಂದು. ನಾನು ಹಣ ಕೊಟ್ಟಿದ್ದು ಎರಡನೆಯದಕ್ಕೆ. ರೋಪ್‌ವೇ ಸಾಲಿನಲ್ಲಿ ಒಂದೂವರೆ ಗಂಟೆ ನಿಂತು ಮೇಲೆ ಹೋದೆ. ಕಾಲು ನೆಲ ಬಿಟ್ಟ ಕ್ಷಣದಿಂದ ಮತ್ತೆ ಹುಲ್ಲು ಮುಟ್ಟುವವರೆಗೆ ನನ್ನ ಕೈಗಡಿಯಾರದಲ್ಲಿ ಆಗಿದ್ದು 8 ನಿಮಿಷ. ಕೇಳಿದರೆ, ರೋಪ್‌ವೇ ಪ್ರಯಾಣ, ಬೆಲ್ಟು ಬಿಗಿಯುವುದು, ಫೋಟೊ, ಎಲ್ಲ ಸೇರಿ ಅರ್ಧ ಗಂಟೆ ಎಂದು ಏಜೆಂಟ್ ನಗುತ್ತಲೇ ಹೇಳಿದ.

ತಪ್ಪು ನನ್ನದೂ ಇತ್ತು. ಇಬ್ಬರನ್ನು ಹೊತ್ತ ಗ್ಲೈಡರ್ ಅಲುಗಾಡದ ಗಾಳಿಯಲ್ಲಿ ಸೆಕೆಂಡಿಗೆ 1 ಮೀಟರಿಗಿಂತ ತುಸು ಹೆಚ್ಚೇ ಕೆಳಗಿಳಿಯುತ್ತದೆ. ಹಾಗಾದರೆ ಅರ್ಧ ಗಂಟೆ ತೇಲಲು ಸುಮಾರು 2 ಕಿ.ಮೀ. ಎತ್ತರ ಬೇಕು, ಇಲ್ಲವೇ ಮೇಲೇಳುವ ಬಿಸಿಗಾಳಿ, ಅಂದರೆ ಥರ್ಮಲ್, ಸಿಗಬೇಕು. ಎಷ್ಟು ನಿಮಿಷ ಎನ್ನುವ ಬದಲು, ಹಾರುವ ಜಾಗ ಇಳಿಯುವ ಜಾಗಕ್ಕಿಂತ ಎಷ್ಟು ಮೀಟರ್ ಮೇಲಿದೆ ಎಂದು ನಾನು ಕೇಳಬೇಕಿತ್ತು.

ಬಿಲ್ಲಿಂಗ್ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ, ಇಳಿಯುವ ಬೀರ್ ಅದಕ್ಕಿಂತ 900 ಮೀಟರಿಗೂ ಹೆಚ್ಚು ಕೆಳಗೆ. ಥರ್ಮಲ್ ಸಿಗದಿದ್ದರೂ ಕಾಲು ಗಂಟೆಗೆ ಹೆಚ್ಚು ಮೋಸವಿಲ್ಲ. ಧೌಲಾಧಾರ್ ಬೆಟ್ಟಸಾಲಿನ ದಕ್ಷಿಣದ ಇಳಿಜಾರುಗಳು ಬಿಸಿಲಿಗೆ ಕಾದಂತೆ ಗಾಳಿ ಏಳುತ್ತದೆ. 2015ರ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಸ್ಪರ್ಧೆ ಇಲ್ಲಿ ನಡೆದದ್ದು ಸುಮ್ಮನೆ ಅಲ್ಲ. ಹಾರಿದ ಸ್ವಲ್ಪ ಹೊತ್ತಿಗೆ, ರೆಕ್ಕೆ ಬಡಿಯದೆ ಸುತ್ತುತ್ತಿದ್ದ ರಣಹದ್ದೊಂದನ್ನು ಕಂಡ ಪೈಲಟ್ ಗ್ಲೈಡರನ್ನು ಅತ್ತಲೇ ತಿರುಗಿಸಿದರು. ಮೇಲೇರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ತಿಳಿಸುವ ಅವರ ವೇರಿಯೋಮೀಟರಿನ ಪೀಪ್ ಸದ್ದು ಅವಸರದ್ದಾಯಿತು, ಕಾಲ ಕೆಳಗಿನ ಮರಗಳು ಕುಗ್ಗತೊಡಗಿದವು, ನಾಲ್ಕನೆಯ ಸುತ್ತಿಗೆ ನನ್ನ ಹೊಟ್ಟೆ ತೊಳಸಿತು. ಇಳಿದಾಗ 22 ನಿಮಿಷ ಆಗಿತ್ತು.

ಬೀರ್‌ನಿಂದ ಮೇಲಕ್ಕೆ 14 ಕಿ.ಮೀ. ಜೀಪಿನ ದಾರಿ ಸೊಂಟಕ್ಕೆ ಹಿತವಲ್ಲ, ಮೇಲೆ ಗಾಳಿಗಾಗಿ ಎರಡು ಗಂಟೆ ಕಾದದ್ದೂ ನಿಜ. ವಿಡಿಯೊಗೆ ಎರಡೂ ಕಡೆ ಬೇರೆ ಹಣ ಕೇಳಿದರು, ನಾನು ಕೊಡಲಿಲ್ಲ. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲದ ನಿಷೇಧ ಇರುವುದರಿಂದ ಆಗ ಎರಡೂ ಕಡೆ ಹೋಗಿ ಪ್ರಯೋಜನವಿಲ್ಲ.

ಮನೆಯವರೊಂದಿಗೆ ಮನಾಲಿಯಲ್ಲಿದ್ದು, ಅರ್ಧ ದಿನ ಬಿಡುವಿದ್ದರೆ ಸೋಲಾಂಗ್ ಸಾಕು. ನಾನಾದರೋ ದೆಹಲಿಯಿಂದ ರಾತ್ರಿ ಬಸ್ಸಿಗೆ ಹೆದರದವನು, ವರ್ಷಕ್ಕೊಂದೇ ಹಾರಾಟಕ್ಕೆ ಹಣ ತೆಗೆದಿಡುವವನು. ಮುಂದಿನ ಅಕ್ಟೋಬರ್‌ಗೂ ಬೀರ್‌ಗೇ ಹೋಗುತ್ತೇನೆ. ಈ ಸಲ ಬೆಳಿಗ್ಗೆ ಎರಡು ಆಲೂ ಪರಾಠದ ಬದಲು ಅರ್ಧ ತಿಂದು ಜೀಪು ಹತ್ತುವುದು.