ಮೂತ್ರದ ನಳಿಕೆ ಹಾಕಿದ ರೋಗಿಯ ಜೊತೆ ಇರುವವರು ದಯವಿಟ್ಟು ಓದಿ

ತೊಡೆಯ ಮೂಳೆ ಮುರಿದಿದ್ದ ನಮ್ಮ ತಾಯಿಯವರನ್ನು ಬಾಗಲಕೋಟೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಮೂತ್ರಕ್ಕೆಂದು ಹಾಕಿದ್ದ ನಳಿಕೆಯಿಂದ, ಅಂದರೆ ಕ್ಯಾಥೆಟರಿನಿಂದ, ಸೋಂಕು ತಗುಲಿ, ಅದು ರಕ್ತಕ್ಕೂ ಹರಡಿ, ಅವರನ್ನು ಐಸಿಯುಗೆ ಒಯ್ಯಬೇಕಾಯಿತು. ಬೀಳಗಿ, ಹುನಗುಂದ, ಬಾದಾಮಿ ಕಡೆಯಿಂದ ಹಿರಿಯರನ್ನು ಕರೆತಂದು ವಾರ್ಡಿನಲ್ಲಿ ಹಗಲಿರುಳು ಕಾಯುವವರಿಗೆ ಇದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಬೇರೆ ಕಾರಣವಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಕ್ಯಾಥೆಟರನ್ನು ಆದಷ್ಟು ಬೇಗ, ಸಾಧ್ಯವಾದರೆ 24 ಗಂಟೆಯೊಳಗೆ, ತೆಗೆಯಬೇಕು. ತಾಯಿಯವರು ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡತೊಡಗಿದ ಮೇಲೂ ಅದು ಹಾಗೆಯೇ ಇತ್ತು. ಕೇಳಿದಾಗ ಸಿಸ್ಟರ್, "ಇರ್ಲಿ ಬಿಡ್ರಿ, ಆಯಿಗೆ ಎದ್ದು ಹೋಗೂದು ತ್ರಾಸ ಆಗ್ತೈತಿ" ಎಂದರು. ಕನಿಕರದಿಂದಲೇ ಹೇಳಿರಬಹುದು. ಆದರೆ ನಳಿಕೆ ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ನೆಲೆಸುವ ಸಂಭವ ಶೇಕಡಾ 3ರಿಂದ 7ರಷ್ಟು ಹೆಚ್ಚುತ್ತದೆ. ನಳಿಕೆಯ ಮೈಗೆ ಪಾಚಿಯಂತೆ ಕಟ್ಟಿಕೊಂಡ ಪದರದೊಳಗಿನ ಸೂಕ್ಷ್ಮಾಣುಗಳಿಗೆ ಔಷಧವೂ ಸರಿಯಾಗಿ ತಾಗುವುದಿಲ್ಲ. "ಇದು ಇವತ್ತೂ ಬೇಕೇ?" ಎಂದು ರೌಂಡ್ಸಿಗೆ ಬಂದ ವೈದ್ಯರನ್ನು ದಿನವೂ ಕೇಳಿ.

ಎಕ್ಸ್‌ರೇಗೆ ಒಯ್ಯುವಾಗ ವಾರ್ಡ್‌ಬಾಯ್ ಮೂತ್ರ ತುಂಬಿದ ಚೀಲವನ್ನು ತಾಯಿಯವರ ಹೊಟ್ಟೆಯ ಮೇಲೆಯೇ ಇಟ್ಟ. ಕೆಳಗೆ ಇಳಿಯಬೇಕಿದ್ದ ಹಳದಿ ನೀರು ನಳಿಕೆಯಲ್ಲಿ ಹಿಂದಕ್ಕೆ ಸರಿಯುವುದು ಕಣ್ಣಿಗೆ ಕಾಣುತ್ತಿತ್ತು. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ರೋಗಿಯನ್ನು ಸಾಗಿಸುವ ಮೊದಲು ಅದನ್ನು ಖಾಲಿ ಮಾಡಬೇಕು. ಸಂಜೆ ಖಾಲಿ ಮಾಡಲು ಬಂದವರು ಒಂದೇ ನೀಲಿ ಜಗ್ಗನ್ನು, ಒಂದೇ ಜೊತೆ ಗ್ಲೌಸನ್ನು ಹಾಸಿಗೆಯಿಂದ ಹಾಸಿಗೆಗೆ ಬಳಸುತ್ತಿದ್ದರು; ಚೀಲದ ತುದಿ ಪ್ರತಿ ಸಲವೂ ಜಗ್ಗಿನ ಅಂಚಿಗೆ ತಾಗುತ್ತಿತ್ತು. ಒಬ್ಬರ ಸೋಂಕು ಇನ್ನೊಬ್ಬರಿಗೆ ಹೋಗಲು ಇಷ್ಟು ಸಾಕು. ನಿಮ್ಮ ರೋಗಿಗೆ ಬೇರೆ ಪಾತ್ರೆ ಕೇಳಿ, ಕೈ ತೊಳೆದು ಹೊಸ ಗ್ಲೌಸ್ ಹಾಕಿಕೊಳ್ಳಿ ಎಂದು ಹೇಳಲು ಸಂಕೋಚಪಡಬೇಡಿ. ನಳಿಕೆಯನ್ನು ಚೀಲದಿಂದ ಬಿಡಿಸಲು ಬಿಡಬೇಡಿ.

ಆಮೇಲೊಂದು ರಾತ್ರಿ ತಾಯಿಯವರಿಗೆ ನಡುಕ ಹುಟ್ಟಿ ಜ್ವರ ಬಂತು. ಮೊಮ್ಮಗನ ಗುರುತು ಹತ್ತದೆ, ಹೊಲದಲ್ಲಿ ಕುಳಿತವರಂತೆ ಮಾತನಾಡತೊಡಗಿದರು. ವಯಸ್ಸಿನ ಅರಳುಮರಳು ಎಂದು ಪಾಳಿಯಲ್ಲಿದ್ದವರು ಬೆಳಗಿನವರೆಗೂ ವೈದ್ಯರನ್ನು ಕರೆಯಲಿಲ್ಲ. ನನಗೆ ಇಂದಿಗೂ ಸಹಿಸಲಾಗದ ಸಂಗತಿ ಇದು. ವೃದ್ಧರಲ್ಲಿ ಹಠಾತ್ತನೆ ಕಾಣುವ ಗೊಂದಲ ಸೋಂಕಿನ ಲಕ್ಷಣವಾಗಿರಬಹುದು, ಆ ಗಳಿಗೆಯಲ್ಲೇ ವೈದ್ಯರು ನೋಡಬೇಕು. ಸೋಂಕು ಯಾವ ಸೂಕ್ಷ್ಮಾಣುವಿನದೆಂದು ತಿಳಿಯುವ ಕಲ್ಚರ್ ಪರೀಕ್ಷೆಗೆ ಮೂತ್ರವನ್ನು ಚೀಲದಿಂದ ತೆಗೆಯಬಾರದು, ಅದಕ್ಕೆಂದೇ ನಳಿಕೆಯಲ್ಲಿರುವ ಜಾಗದಿಂದ ತೆಗೆಯಬೇಕು.

ಅವಸರಪಟ್ಟು ನೀವೇ ನಳಿಕೆ ಎಳೆಯಬೇಡಿ; ಒಳಗೆ ನೀರು ತುಂಬಿದ ಬಲೂನ್ ಇರುತ್ತದೆ, ಎಳೆದರೆ ಮೂತ್ರನಾಳ ಹರಿದು ಗಾಯವಾಗಬಹುದು. ಸಿಬ್ಬಂದಿ ಅದನ್ನು ತೆಗೆದ ಮೇಲೆ ಆರೇಳು ಗಂಟೆಯಾದರೂ ಮೂತ್ರ ಹೋಗದಿದ್ದರೆ, ಅಥವಾ ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ, ತಡಮಾಡದೆ ತಿಳಿಸಿ.