ರ‍್ಯಾಮ್ ಎಷ್ಟಿದೆ? ಫ್ರೀ ಸಾಕಾ, ಡಿಎಂಐಡಿಕೋಡ್ ಬೇಕಾ?

ಓಡುತ್ತಿರುವ ಲಿನಕ್ಸ್ ಯಂತ್ರದಲ್ಲಿ ಎಷ್ಟು ಮೆಮೊರಿ ಇದೆ ಎಂದು ನೋಡಲು ಅದನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಯಾವ ಕಮಾಂಡ್ ಬಳಸಬೇಕು ಅನ್ನೋದು ನಿಮಗೆ ಏನು ಬೇಕು ಅನ್ನೋದರ ಮೇಲಿದೆ.

ಸುಮ್ನೆ ಒಂದು ಅಂದಾಜು ಸಾಕಿದ್ದರೆ ಫ್ರೀ (free) ಎಂಬ ಕಮಾಂಡ್ ಬಳಸಿ, ಜೊತೆಗೆ ಹೈಫನ್ ಎಚ್ (-h) ಹಾಕಿ. ರೂಟ್, ಅಂದರೆ ಯಂತ್ರದ ಮೇಲ್ವಿಚಾರಕರ ಅನುಮತಿ ಬೇಡ. ಅದು ಪ್ರಾಕ್ ಅಡಿಯ ಮೆಮ್‌ಇನ್ಫೋ (/proc/meminfo) ಫೈಲನ್ನೇ ಓದಿ ಹೇಳುತ್ತದೆ. 16 ಜಿಬಿ ಹಾಕಿದ್ದರೂ 15 ಚಿಲ್ಲರೆ ತೋರಿಸಿದರೆ ಗಾಬರಿ ಬೇಡ. ಕರ್ನಲ್ (ಲಿನಕ್ಸ್‌ನ ತಿರುಳು), ಫರ್ಮ್‌ವೇರ್ (ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ), ಕೆಲವೊಮ್ಮೆ ಒಳಗಿನ ಗ್ರಾಫಿಕ್ಸ್ ಮೊದಲೇ ತಮ್ಮ ಪಾಲು ತೆಗೆದಿಟ್ಟುಕೊಂಡಿರುತ್ತವೆ. ಖಾಲಿ ಎಷ್ಟು ಎಂದು ತಿಳಿಯಲು 'ಫ್ರೀ' ಕಾಲಂ ಅಲ್ಲ, 'ಅವೈಲಬಲ್' ಕಾಲಂ ನೋಡಿ. ಕ್ಯಾಶ್‌ಗೆ (ಓದಿದ ಫೈಲುಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಲು) ಹೋದ ಮೆಮೊರಿ ಬೇಕಾದಾಗ ಬಹುಪಾಲು ವಾಪಸ್ ಸಿಗುತ್ತದೆ, ಅಲ್ವಾ?

ಹೊಸ ರ‍್ಯಾಮ್ ಕೊಳ್ಳುವವರಿಗೆ ಮಾತ್ರ ಫ್ರೀ ಉಪಯೋಗವಿಲ್ಲ. ಅವರಿಗೆ ಡಿಎಂಐಡಿಕೋಡ್ (dmidecode) ಕಮಾಂಡ್ ಸರಿ. ಹೈಫನ್ ಟಿ ಮೆಮೊರಿ (-t memory) ಎಂದು ಕೊಟ್ಟರೆ ಎಷ್ಟು ಸ್ಲಾಟ್, ಯಾವುದು ಖಾಲಿ, ಒಂದೊಂದು ಮಾಡ್ಯೂಲ್ ಎಷ್ಟು ಜಿಬಿ, ಡಿಡಿಆರ್4 ಇದೆಯಾ ಡಿಡಿಆರ್5 ಇದೆಯಾ, ವೇಗ ಎಷ್ಟು, ಎಲ್ಲ ಬರುತ್ತದೆ. ಸೂಡೊ (sudo) ಬೇಕು, ಅಂದರೆ ರೂಟ್ ಅನುಮತಿಯಲ್ಲಿ ಓಡಿಸಬೇಕು. ಈ ಮಾಹಿತಿ ಫರ್ಮ್‌ವೇರ್ ಕೊಟ್ಟ ಪಟ್ಟಿಯದು. ಹಾಗಾಗಿ ಫರ್ಮ್‌ವೇರ್ ತಪ್ಪು ಬರೆದಿದ್ದರೆ ಇದೂ ತಪ್ಪೇ ಹೇಳುತ್ತದೆ. ವರ್ಚುವಲ್ ಯಂತ್ರದಲ್ಲಿ ಇದು ತೋರಿಸುವ ಸ್ಲಾಟ್‌ಗಳನ್ನು ನಂಬಬೇಡಿ, ಅವು ನಿಜವಾದವಲ್ಲ.

ಕಂಟೇನರ್ (ಒಂದೇ ಯಂತ್ರದಲ್ಲಿ ಪ್ರೋಗ್ರಾಂಗಳನ್ನು ಬೇರೆ ಬೇರೆಯಾಗಿ ಓಡಿಸುವ ಆವರಣ) ಒಳಗೆ ಫ್ರೀ ಕೂಡ ಸಾಮಾನ್ಯವಾಗಿ ಇಡೀ ಹೋಸ್ಟ್‌ನ, ಅಂದರೆ ಮೂಲ ಯಂತ್ರದ, ಲೆಕ್ಕ ಕೊಡುತ್ತದೆ. ನಿಮಗೆ ಹಾಕಿದ ಮಿತಿಯನ್ನು ಸಿಗ್ರೂಪ್‌ನಲ್ಲೇ (cgroup, ಪ್ರೋಗ್ರಾಂಗಳಿಗೆ ಮಿತಿ ಹಾಕುವ ಲಿನಕ್ಸ್ ವ್ಯವಸ್ಥೆ) ಹುಡುಕಬೇಕು.

ಮ್ಯಾಕ್, ಫ್ರೀಬಿಎಸ್‌ಡಿ ಬಳಸುವವರು ಸಿಸ್‌ಕಂಟ್ರೋಲ್ (sysctl) ಕಮಾಂಡ್ ನೋಡಿ. ಉತ್ತರ ಬೈಟ್‌ಗಳಲ್ಲಿ ಬರುತ್ತದೆ, ಭಾಗಾಕಾರ ನಿಮ್ಮದೇ.