ಮನೆ ಹಿಂದಿನ ಬರೆಗೆ ಲಾವಂಚವೋ, ಗೇಬಿಯನ್ ಗೋಡೆಯೋ?

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದ ಮೇಲೂ ಮನೆ ಕಟ್ಟಲು ಇಳಿಜಾರು ಕಡಿಯುವುದು ನಿಂತಿಲ್ಲ. ಹಾಗೆ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಯೇ ಬರೆ. ಅದನ್ನು ಹಿಡಿದಿಡಲು ಎರಡು ದಾರಿಗಳಿವೆ: ಲಾವಂಚದ ಹುಲ್ಲು, ಇಲ್ಲವೇ ಗೇಬಿಯನ್, ಅಂದರೆ ಕಲ್ಲು ತುಂಬಿದ ತಂತಿಬಲೆ ಪೆಟ್ಟಿಗೆಗಳ ಗೋಡೆ. ಎರಡರ ಕೆಲಸವೂ ಬೇರೆ.

ಲಾವಂಚ ಮೇಲ್ಮಣ್ಣಿನ ಕಾವಲು. ಒಳ್ಳೆಯ ಮಣ್ಣಿನಲ್ಲಿ ಬೇರು 2–3 ಮೀಟರ್ ನೇರ ಇಳಿಯುತ್ತದೆ. ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಸಾಗುವ ಸಮಪಾತಳಿ ಸಾಲಿನಲ್ಲಿ 10–15 ಸೆಂ.ಮೀ.ಗೊಂದು ಸಸಿ, ಸಾಲಿನಿಂದ ಸಾಲಿಗೆ 1–2 ಮೀಟರ್ ಎತ್ತರದ ಅಂತರ ಇರಲಿ. ಮುಂಗಾರಿನ ಮೊದಲ ಹದಮಳೆಗೇ ನೆಡಿ. ಜುಲೈನ ಜಡಿಮಳೆಗೆ ನೆಟ್ಟರೆ ಬೇರೂರುವ ಮೊದಲೇ ಕೊಚ್ಚಿಹೋದೀತು. ತೋಟದ ದಟ್ಟ ನೆರಳಲ್ಲಿ ಸೊರಗುತ್ತದೆ. ಖರ್ಚು ಕಡಿಮೆ ನಿಜ, ಆದರೆ ಮೊದಲ ಮಳೆಗಾಲದಲ್ಲಿ ಇದನ್ನು ನಂಬಿ ಮಲಗಬೇಡಿ.

ಬರೆ ಲಂಬವಾಗಿದ್ದು ಮನೆಗೆ ಹತ್ತಿರವಿದ್ದರೆ ಗೇಬಿಯನ್ನೇ ಸರಿ. ಸತು ಲೇಪಿಸಿದ ತಂತಿಬಲೆಯ ಪೆಟ್ಟಿಗೆಗೆ 100–200 ಮಿ.ಮೀ. ಗಟ್ಟಿ ಕಲ್ಲನ್ನು ಕೈಯಿಂದ ಜೋಡಿಸಬೇಕು. ಕಲ್ಲನ್ನು ಸುಮ್ಮನೆ ಸುರಿದರೆ, ಇಲ್ಲವೇ ಪೆಟ್ಟಿಗೆಯೊಳಗೆ ಅಡ್ಡತಂತಿ ಕಟ್ಟದಿದ್ದರೆ ಗೋಡೆಯ ಮುಖ ಉಬ್ಬುತ್ತದೆ. ತಳದ ಅಗಲ ಎತ್ತರದ ಅರ್ಧಕ್ಕಿಂತ ಹೆಚ್ಚಿರಲಿ, ಗೋಡೆ ಬರೆಯತ್ತ ಸುಮಾರು 6 ಡಿಗ್ರಿ ವಾಲಲಿ. ಹಿಂದೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸದಿದ್ದರೆ ಮಣ್ಣು ಸಂದಿಗಳಿಂದ ಸೋರಿ ಹಿಂಬದಿ ಟೊಳ್ಳಾಗುತ್ತದೆ. ಕಾಂಕ್ರೀಟ್ ಗೋಡೆಗಿಂತ ಇದರ ದೊಡ್ಡ ಗುಣವೆಂದರೆ ನೀರು ಹಿಂದೆ ಕಟ್ಟಿಕೊಳ್ಳದೆ ಹೊರಬರುವುದು. ಬುಡ ಅಗೆತ ಬೇಸಿಗೆಯಲ್ಲೇ, ತುಂಡುತುಂಡಾಗಿ ನಡೆಯಲಿ.

ಯಾವುದನ್ನೇ ಆರಿಸಿದರೂ ಬರೆಯ ನೆತ್ತಿಯಲ್ಲಿ ನೀರು ತಿರುಗಿಸುವ ಚರಂಡಿ ಬೇಕು, ಅದರ ತಳಕ್ಕೆ ನೀರಿಂಗದ ಹಾಸು ಬೇಕು. ನೆತ್ತಿಯ ಮೇಲೆ ಇಂಗುಗುಂಡಿಯಂತೂ ಬೇಡವೇ ಬೇಡ.

ಗುಡ್ಡದಲ್ಲಿ ಕಮಾನಿನಂಥ ಬಿರುಕು, ಓರೆಯಾದ ಮರಗಳು, ಹೊಸದಾಗಿ ಹೊರಟ ಕೆಸರು ಒರತೆ ಕಂಡರೆ ಜಾರುವ ಪದರ ಆಳದಲ್ಲಿರಬಹುದು. ಆಗ ಎರಡೂ ತಡೆಯಲಾರವು. ಮೊದಲು ಮನೆ ಖಾಲಿ ಮಾಡಿ, ಆಮೇಲೆ ಭೂವಿಜ್ಞಾನಿಯನ್ನು ಕರೆಸಿ.